ಗುಡ್ಡದ ಊಟಕ್ಕೆ ಕಾದ ಲೋಟ

ನಾನೊಂದು ಹಿತ್ತಾಳೆ ಲೋಟ. ಹುಟ್ಟಿದ್ದು ಕಂಚುಗಾರನ ಕುಲುಮೆಯಲ್ಲಿ. ಬೆಂಕಿಗೆ ಜಾತಿಯಿಲ್ಲ, ಹಾಗಾಗಿ ನನಗೂ ಇರಲಿಲ್ಲ. ಅದು ಅಂಟಿದ್ದು ಮೊದಲ ಮನೆಯಲ್ಲಿ, ಬೀದರ್ ಸೀಮೆಯ ಒಂದು ಗೌಡರ ವಾಡೆಯಲ್ಲಿ. ಕೂಲಿಯವರು ಅಂಗಳದಲ್ಲಿ ಬೊಗಸೆಯೊಡ್ಡಿ ಕೂರುತ್ತಿದ್ದರು. ಗೌಡತಿ ನನ್ನನ್ನು ಎತ್ತರದಲ್ಲಿ ಹಿಡಿದು ನೀರು ಬಿಡುತ್ತಿದ್ದಳು. ಅವರ ಗಂಟಲಿನ ಸದ್ದು ಕೇಳುತ್ತಿತ್ತು, ತುಟಿ ಮಾತ್ರ ಒಂದು ದಿನವೂ ತಾಕಲಿಲ್ಲ.

ಊರಿಗೆ ಸ್ಟೀಲು ಬಂತು. ಗೌಡತಿ ನನ್ನನ್ನು ಪಾತ್ರೆಯವನ ಬುಟ್ಟಿಗೆಸೆದು ಹೊಳೆಯುವ ತಟ್ಟೆ ತೆಗೆದುಕೊಂಡಳು. ಸಂತೆಯಲ್ಲಿ ನನ್ನನ್ನು ಆರಿಸಿಕೊಂಡವರು ಕೇರಿಯ ಚರ್ಚಿನ ಸತ್ಯಾನಂದ ಪಾಸ್ಟರ್. ಕಲಾಯಿ ಹಾಕಿಸಿ, ಯೇಸುವಿನ ನೆನಪಿಗೆ ಸಭೆಯೆಲ್ಲ ಹಂಚಿಕೊಳ್ಳುವ ಪ್ರಭುಭೋಜನದ ದಿನ ಒಣದ್ರಾಕ್ಷಿ ಕುದಿಸಿದ ರಸ ತುಂಬಿದರು. ಮೊದಲು ಪಾಸ್ಟರ್, ಆಮೇಲೆ ಹಿರಿಯರು, ಆಮೇಲೆ ಉಳಿದವರು ಕುಡಿಯುವುದು ಅಲ್ಲಿಯ ಪದ್ಧತಿ. ಎಲೆಯಡಿಕೆಯ ತುಟಿ, ಒಡೆದ ತುಟಿ, ಬೊಚ್ಚು ಬಾಯಿ, ಎಲ್ಲವೂ ನನ್ನ ಒಂದೇ ಅಂಚಿಗೆ ತಾಗಿದವು. ಬದುಕಿದ್ದು ಸಾರ್ಥಕ ಅನ್ನಿಸಿತು.

ವರ್ಷಗಳ ಮೇಲೆ, ಊರಿನ ಗಟಾರ ಬಳಿಯುವ ತುಕ್ಕಮ್ಮನೂ ಅವಳ ಓಣಿಯವರೂ ದೀಕ್ಷಾಸ್ನಾನ ಪಡೆದು ಸಭೆಗೆ ಬಂದರು. ಆ ಭಾನುವಾರ ಪಾಸ್ಟರ್ ಯೆಶಾಯ ಪ್ರವಾದಿಯ ಮಾತು ಎತ್ತಿಕೊಂಡರು. ದೇವರು ಆಳುವ ದಿನ ಬರುತ್ತದೆ, ಅಂದು ಆತ ಒಂದು ಗುಡ್ಡದ ಮೇಲೆ ಸಕಲ ಜನಕ್ಕೂ ಊಟವಿಡುತ್ತಾನೆ, ಎಲ್ಲರ ಕಣ್ಣೀರನ್ನೂ ತಾನೇ ಒರೆಸುತ್ತಾನೆ ಎಂದರು.

ಹಿಂದಿನ ಚಾಪೆಯಿಂದ ತುಕ್ಕಮ್ಮ ಕೇಳಿದಳು, "ಪಾಸ್ಟ್ರೇ, ಆ ಊಟಕ್ಕ ಎಷ್ಟು ಪಂಕ್ತಿ ಅದಾವ್ರೀ?"

ಮುಂದಿನ ಬೆಂಚಿನವರು ನಕ್ಕರು. ಪಾಸ್ಟರ್ ನಗಲಿಲ್ಲ. "ಒಂದ ಪಂಕ್ತಿ ನೋಡವ್ವಾ."

"ನಮ್ಮನ್ನ ಬಾಗಲಾಗ ಕೂಡಸಂಗಿಲ್ಲಲ್ಲ?"

"ಇಲ್ಲವ್ವಾ. ನಟ್ಟನಡುವ."

ಆ ಮಾತನ್ನು ಅವಳು ನಂಬಿದಳು. ಎಲ್ಲರೊಂದಿಗೆ ಒಂದೇ ಲೋಟದಲ್ಲಿ ಕುಡಿಯುವ ಪ್ರಭುಭೋಜನದ ದಿನಕ್ಕಾಗಿ ಕಾದಳು. ನಾನೂ ಕಾದೆ.

ಆ ದಿನ ಬಂತು. ಸಭೆಯ ಹಿರಿಯ ಅಬ್ರಹಾಮಪ್ಪ ಪೇಟೆಯಿಂದ ಪುಟ್ಟ ಪುಟ್ಟ ಗಾಜಿನ ಲೋಟಗಳ ಡಬ್ಬಿ ತಂದಿದ್ದರು. ರೋಗ ರುಜಿನದ ಕಾಲ ಎಂದರು. ವಾಡೆಯ ಅಂಗಳದಲ್ಲಿ ಬೊಗಸೆಯೊಡ್ಡಿದವರ ಮೊಮ್ಮಗನಾದ ಇವರಿಗೆ ರೋಗ ಕಂಡದ್ದು ಗಟಾರದವರು ಬಂದ ಮೇಲೆಯೇ! ಸಭೆ ಒಡೆದೀತೆಂದು ಹೆದರಿ ಪಾಸ್ಟರ್ ತಲೆಯಾಡಿಸಿದರು. ಬೆಂಚುಗಳಿಗೆ ಗಾಜು, ಹಿಂದಿನ ಚಾಪೆಗೆ ನಾನು.

ತುಕ್ಕಮ್ಮ ನನ್ನನ್ನು ಮುಟ್ಟಲಿಲ್ಲ.

"ಏ, ನಿಮಗ ದೊಡ್ಡ ಲೋಟಾನೇ ಬಿಟ್ಟೀವಲ್ಲ!" ಅಬ್ರಹಾಮಪ್ಪ ಅಂದರು. "ನಮ್ದು ನೋಡು, ಗುಬ್ಬಿ ಕುಡಿಯೋವಷ್ಟು."

"ಹಂಗಾರ ಬದಲ ಮಾಡ್ಕೊಳ್ಳೋಣು ಬರ್ರಿ."

ಅಬ್ರಹಾಮಪ್ಪ ತಮ್ಮ ಗಾಜನ್ನು ಹಿಂದಕ್ಕೆ ಎಳೆದುಕೊಂಡರು. ತುಕ್ಕಮ್ಮ ಸೆರಗು ಬಿಗಿದು ಎದ್ದು ತನ್ನವರಿಗೆ ಹೇಳಿದಳು, "ಗುಡ್ಡ ತಪ್ಪಿ ಬಂದೀವಿ. ನಡೀರಿ."

ಪಾಸ್ಟರ್ ಅವರ ಬೆನ್ನಿಗೇ ಓಡಿದರು. ನನ್ನನ್ನು ಹಿಡಿದುಕೊಂಡೇ ಅವರು ಹೊರಗಿನ ಬೇವಿನ ಮರದವರೆಗೆ ಹೋದರು. "ತಪ್ಪು ನಂದವ್ವಾ. ಕುಡಿ."

"ನೀವು ಮೊದಲ ಕುಡಿಯೋದು ಪದ್ಧತಿ ಅಲ್ಲೇನ್ರೀ?"

"ಇವತ್ತ ನೀವು ಉಳಿಸಿದ್ದು ಕುಡೀತೀನಿ."

ತುಕ್ಕಮ್ಮ ಕುಡಿದಳು. ಮುಂದಿನ ಕೈ ಚಾಚುವಷ್ಟರಲ್ಲಿ ಕೋಲೂರುತ್ತ ಅಬ್ರಹಾಮಪ್ಪನ ತಾಯಿ ದೊರ್ಕಮ್ಮ ಹೊರಬಂದಳು.

"ಯವ್ವಾ, ಒಳಗ ಬಾ! ಮಂದಿ ನೋಡ್ಲಿಕತ್ಯಾರ!" ಮಗ ಕೂಗಿದ.

"ನೋಡ್ಲಿ ಬಿಡೋ. ನಿನ್ನ ಗುಬ್ಬಿ ಲೋಟದಾಗ ನನ್ನ ತುಟೀನೂ ತೊಯ್ಯಲಿಲ್ಲ."

ತುಕ್ಕಮ್ಮನ ಬಾಯಿ ತಾಕಿದ ಅಂಚಿನಲ್ಲೇ ಆ ಮುದುಕಿ ಗುಟುಕರಿಸಿದಳು. ಮಗ ಬಾಗಿಲಲ್ಲೇ ನಿಂತಿದ್ದ. ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ.

ಪಾಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು; ಹೋಗುವಾಗ ನನ್ನನ್ನು ತುಕ್ಕಮ್ಮನಿಗೆ ಕೊಟ್ಟರು. ಚರ್ಚಿನೊಳಗೆ ಇಂದಿಗೂ ಗಾಜಿನ ಲೋಟಗಳೇ. ನನ್ನ ಕಲಾಯಿ ಹೋಗಿ ಕಿಲುಬು ಹಿಡಿದಿದೆ, ಹುಳಿ ರಸ ಹಾಕಿದರೆ ನಂಜು. ತುಕ್ಕಮ್ಮನ ಗುಡಿಸಲಿನ ಗೂಡಿನಲ್ಲಿ ಕುಳಿತಿದ್ದೇನೆ. ಪ್ರವಾದಿ ಕಂಡ ಊಟವನ್ನು ಇನ್ನೂ ಬಡಿಸಿಲ್ಲ, ಬಡಿಸಬೇಕಾದವರೇ ಬಾಗಿಲು ಕಾಯುತ್ತಿದ್ದಾರೆ. ಆದರೂ ಭಾನುವಾರ ಬೇವಿನ ಕೆಳಗೆ ಜನ ಸೇರುತ್ತಾರೆ, ಮೊದಲಿಗಿಂತ ಹೆಚ್ಚು. ತುಕ್ಕಮ್ಮ ಈ ಗೂಡಿನಿಂದಲೇ ಒಯ್ಯುವ ಒಂದೇ ಒಂದು ಸ್ಟೀಲ್ ಲೋಟ ಅವರ ನಡುವೆ ಬಾಯಿಂದ ಬಾಯಿಗೆ ಸುತ್ತುತ್ತದೆ.

ಆ ಲೋಟವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.