ಅರ್ಧ ಔಷಧಿ ಹೊಡೆದ ಜೋಳ

ಅಜ್ಜಿಯ ಎದುರಿಗೆ ಎರಡು ಚೀಲ ಮೆಕ್ಕೆಜೋಳವಿತ್ತು. ಒಂದರ ಕಾಳಿಗೆ ಗುಲಾಬಿ ಬಣ್ಣದ ಬೂಷ್ಟು ಹಿಡಿದಿತ್ತು. ಇನ್ನೊಂದರ ಕಾಳು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಆ ಚೊಕ್ಕ ಚೀಲದ ಜೋಳವನ್ನೇ ಬೆಳಿಗ್ಗೆ ಗಿರಣಿಗೆ ಒಯ್ದು ಹಿಟ್ಟು ಮಾಡಿಸಿ ತಂದಿದ್ದಳು. ಮೊಮ್ಮಗಳಿಗೆ ಆರು ತಿಂಗಳು ತುಂಬಿತ್ತು. ಮೊದಲ ತುತ್ತು ತಿನ್ನಿಸಲು ಸೊಸೆ ಒಲೆಯ ಮೇಲೆ ನೀರಿಟ್ಟಿದ್ದಳು. ಅಷ್ಟರಲ್ಲಿ ಬೆಳೆ ಪರೀಕ್ಷೆಯ ಅಕ್ಕ ಕಾಗದ ಹಿಡಿದು ಬಂದಳು. ಹೋದ ವಾರ ಎರಡೂ ಚೀಲದಿಂದ ಕಾಳು ಒಯ್ದವಳು ಅವಳೇ.

"ಅಜ್ಜಿ, ಎರಡರಲ್ಲೂ ವಿಷ ಇದೆ. ಚೊಕ್ಕ ಚೀಲದಲ್ಲೇ ಜಾಸ್ತಿ."

ಅಜ್ಜಿಗೆ ನಗು ಬಂತು. "ಚೀಟಿ ಅದಲುಬದಲು ಆಗಿರಬೇಕು ನೋಡು ತಾಯಿ."

"ಇಲ್ಲ ಅಜ್ಜಿ, ಎರಡು ಸಲ ನೋಡಿದ್ದೀವಿ. ಈ ಚೊಕ್ಕ ಜೋಳಕ್ಕೆ ಹೊಲದಲ್ಲಿ ಬೂಷ್ಟಿನ ಔಷಧಿ ಹೊಡೆದಿದ್ರಾ?"

"ಹೊಡೆದಿದ್ವಿ, ಇದಕ್ಕೆ ಮಾತ್ರ. ಕೂಸು ತಿನ್ನೋ ಜೋಳ ಅಂತ ನಾನೇ ಮಗನಿಗೆ ಹೇಳಿ ಅರ್ಧ ಅಳತೆ ಹಾಕಿಸ್ದೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತ."

"ಹಾವು ಸಾಯಲಿಲ್ಲ ಅಜ್ಜಿ, ಕೆರಳಿತು."

ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಒಲೆಯ ಕಡೆ ನೋಡಿದಳು.

"ಅಂದ್ರೆ ನಾವು ಹೊಡೆದ ಔಷಧಿನೇ ವಿಷ ಆಯ್ತಾ?" ಎಂದಳು ಅಜ್ಜಿ.

"ಅಲ್ಲ, ಇದು ಕಣ್ಣಿಗೆ ಕಾಣದೆ ಉಳಿದ ಬೂಷ್ಟೇ ಮಾಡಿದ ವಿಷ. ಬೂಷ್ಟು ಅಂದ್ರೆ ಸಣ್ಣ ಸಣ್ಣ ಜೀವಕೋಶ. ಅತಿ ಬಿಸಿಲು, ನೀರಿನ ಕೊರತೆ, ಸಾಯದಷ್ಟು ಔಷಧಿ, ಏನು ತಾಕಿದರೂ ಕೋಶದ ಹೊರಗೋಡೆಗೆ ಗೊತ್ತಾಗತ್ತೆ. ಅಲ್ಲಿಂದ ಸುದ್ದಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟೋ ಹಾಗೆ ಒಳಗೆ ಹೋಗತ್ತೆ. ಕೊನೆಗೆ ವಿಷ ಮಾಡೋ ಕೆಲಸ ಶುರುವಾಗತ್ತೆ."

"ಬೂಷ್ಟಿಗೆ ಬಾಯಿಲ್ಲ, ಕಿವಿಯಿಲ್ಲ. ಸುದ್ದಿ ಹೇಳೋರು ಯಾರು?"

"ಕೋಶದೊಳಗಿನ ರಾಸಾಯನಿಕಗಳು ಅಜ್ಜಿ. ಒಂದು ಇನ್ನೊಂದನ್ನ ಎಬ್ಬಿಸತ್ತೆ."

"ನಮ್ಮ ಬೀದಿ ಹೆಂಗಸರ ಹಾಗೆ ಅನ್ನು," ಎಂದಳು ಅಜ್ಜಿ. ತಮಾಷೆ ಮಾಡಿದಳೇ ಹೊರತು ತಲೆಬುಡ ಅರ್ಥವಾಗಿರಲಿಲ್ಲ. ಬೂಷ್ಟು ಕಡಿಮೆ, ವಿಷ ಹೆಚ್ಚು! ಇದು ಯಾವ ಲೆಕ್ಕ? ಅವಳು ಚೊಕ್ಕ ಕಾಳೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಏನೂ ಕಾಣಲಿಲ್ಲ.

"ಚೆನ್ನಾಗಿ ಕುದಿಸಿದ್ರೆ?" ಸೊಸೆ ಮೆಲ್ಲಗೆ ಕೇಳಿದಳು.

"ಕುದಿಸಿದ್ರೂ ಹೋಗಲ್ಲ, ಹುರಿದ್ರೂ ಹೋಗಲ್ಲ. ಒರೆಸಿದ್ರೆ ಬೂಷ್ಟು ಹೋಗತ್ತೆ, ವಿಷ ಕಾಳಲ್ಲೇ ಉಳಿಯತ್ತೆ. ದನಕರುಗಳಿಗೂ ಹಾಕಬೇಡಿ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಅಜ್ಜಿ ಕೈಯಲ್ಲಿದ್ದ ಕಾಳನ್ನು ಚೀಲಕ್ಕೇ ವಾಪಸು ಹಾಕಿದಳು. ಒಳಗೆ ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ಅಕ್ಕ ಬರುವುದು ಇನ್ನೊಂದು ಗಳಿಗೆ ತಡವಾಗಿದ್ದರೆ ಅಜ್ಜಿ ತನ್ನ ಕೈಯಾರೆ ಆ ವಿಷ ತಿನ್ನಿಸಿಬಿಡುತ್ತಿದ್ದಳು.

ಅವಳು ಹಿಟ್ಟಿನ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಗುಂಡಿ ತೋಡಿ, ಹಿಟ್ಟು ಸುರಿದು, ಮಣ್ಣು ಮುಚ್ಚಿದಳು. ಎರಡು ಚೀಲವೂ ಸಂಜೆಯೊಳಗೆ ಅದೇ ದಾರಿ ಹಿಡಿಯಲಿದ್ದವು.

"ನನಗೆ ಇನ್ನೂ ಅರ್ಥ ಆಗಿಲ್ಲ ಕಣಮ್ಮ," ಎಂದಳು ಕೈ ತೊಳೆಯುತ್ತಾ. "ಪ್ರೀತಿಯಿಂದ ಅರ್ಧ ಮಾಡಿದ್ದು ಹೇಗೆ ದುಪ್ಪಟ್ಟಾಯ್ತು?"

"ನಿಧಾನಕ್ಕೆ ಅರ್ಥ ಆಗತ್ತೆ ಅಜ್ಜಿ. ಇನ್ಮೇಲೆ ಅರ್ಧ ಮಾಡಬೇಡಿ, ಅಷ್ಟು ಸಾಕು."

ಸೊಸೆ ಅದೇ ಬಿಸಿನೀರಿಗೆ ಆಲೂಗಡ್ಡೆ ಹಾಕಿ ಬೇಯಿಸಿ ನುಣ್ಣಗೆ ಹಿಸುಕಿದಳು. ಕೂಸು ಮೊದಲ ತುತ್ತನ್ನು ಅಜ್ಜಿಯ ಸೆರಗಿಗೇ ಉಗಿದು, ಎರಡನೆಯದನ್ನು ನುಂಗಿತು.

ಓದುವ ಅಕ್ಕ, ಅಣ್ಣ, ನಿಮ್ಮ ಮನೆಯ ಚೀಲವನ್ನೂ ಒಮ್ಮೆ ನೋಡಿ. ಔಷಧಿ ಹೊಡೆಯುವುದಾದರೆ ಅದರ ಡಬ್ಬಿಯ ಚೀಟಿಯಲ್ಲಿ ಬರೆದಷ್ಟೇ ಹೊಡೆಯಿರಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕೊಯ್ದ ಕಾಳನ್ನು ತಡಮಾಡದೆ ಒಣಗಿಸಿ. ಬೂಷ್ಟು ಬಂದ ಕಾಳನ್ನು ಒರೆಸಿ ಇಟ್ಟುಕೊಳ್ಳಬೇಡಿ, ಪರೀಕ್ಷೆಗೆ ಕೊಡಿ. ಅಜ್ಜಿಯ ಹಾಗೆ ನಿಮಗೂ ಪೂರ್ತಿ ಅರ್ಥವಾಗದಿದ್ದರೆ ಚಿಂತೆಯಿಲ್ಲ. ಅನುಮಾನ ಬಂದ ಹಿಟ್ಟು ಮಾತ್ರ ಮಗುವಿನ ಬಾಯಿಗೆ ಹೋಗದಿರಲಿ.