ಪಾರ್ಸೆಲ್ ತಂದ ದಿನ

ದರ್ಜಿಯ ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಎಲ್ಲೆಲ್ಲೂ ವೈರಸ್ ಜ್ವರ ಹಬ್ಬಿದ್ದ ಕಾಲ. ಆಗೊಂದು ದಿನ ಆಸ್ಪತ್ರೆಯ ಬಿಳಿ ಕೋಟುಗಳಿಗೆ ಗುಂಡಿ ಹಚ್ಚಿ ಹಚ್ಚಿ ಅವಳ ಬೆರಳು ಸೋತಿದ್ದವು. ಇವತ್ತೊಂದು ದಿನ ಒಲೆ ಮುಂದೆ ನಿಲ್ಲುವುದು ಬೇಡವೆಂದು ಅವನು ರಸ್ತೆ ಮೂಲೆಯ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬಂದಿದ್ದ. ಮೂರನೇ ದಿನಕ್ಕೆ ಅವಳಿಗೆ ಜ್ವರ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಎಲ್ಲವೂ ಮುಗಿದುಹೋಯಿತು. ಕಡೆಯ ಸಲ ಅವಳ ಮುಖವನ್ನು ಗಾಜಿನ ಆಚೆಯಿಂದಲೇ ನೋಡಿದ್ದ.

"ಆ ಹಾಳು ಪಾರ್ಸೆಲ್ ತಂದೋರು ಯಾರು? ನೀವೇ ತಾನೆ?" ಎಂದು ಹೆಂಡತಿಯ ಅಕ್ಕ ಫೋನಿನಲ್ಲಿ ಕೇಳಿದ್ದಳು.

ಆ ಮಾತು ರಸ್ತೆಗೂ ಇಳಿಯಿತು. ಹೋಟೆಲಿಗೆ ಜನ ಕಾಲಿಡುವುದು ಬಿಟ್ಟರು. ದರ್ಜಿಯೂ ತಲೆ ತಗ್ಗಿಸಿಕೊಂಡು ಎದುರು ಬದಿಯಲ್ಲಿ ಓಡಾಡುತ್ತಿದ್ದ. ಮನೆಯಲ್ಲಿ ಅರೆಬೆಂದ ಅನ್ನ ಉಂಡು ಮಿಷನ್ ಮುಂದೆ ಕೂರುತ್ತಿದ್ದ. ಕೋಟು ಹೊಲಿದು ಮುಗಿಸಿ, ಗುಂಡಿ ಹಚ್ಚಲೆಂದು ಅದನ್ನು ಪಕ್ಕಕ್ಕೆ ಚಾಚುತ್ತಿದ್ದ. ತೆಗೆದುಕೊಳ್ಳುವವರು ಇರುತ್ತಿರಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದವಳು ಆ ಅಕ್ಕ ಒಬ್ಬಳೇ, ಅದೂ ಬೈಯಲು.

ಒಂದು ಬೆಳಿಗ್ಗೆ ಕೋಟುಗಳನ್ನು ಒಪ್ಪಿಸಲು ಹೋದವನು ತಡೆಯಲಾರದೆ ಡಾಕ್ಟರನ್ನೇ ಕೇಳಿಬಿಟ್ಟ.

"ಡಾಕ್ಟ್ರೇ, ಹೋಟೆಲ್ ಊಟದಿಂದ ಆ ಜ್ವರ ಬರುತ್ತಾ?"

"ಊಟದಿಂದ ಬಂದಿದ್ದನ್ನ ನಾನಂತೂ ಕಂಡಿಲ್ಲ. ಅದು ಹೆಚ್ಚಾಗಿ ಉಸಿರಿಂದ ಹರಡೋದು. ಜ್ವರ ಬರೋ ಮುಂಚೆ ಯಾರಾದ್ರೂ ಮನೆಗೆ ಬಂದಿದ್ರಾ?"

ಅವನಿಗೆ ನೆನಪಾಯಿತು. ಪಾರ್ಸೆಲ್ ತರುವ ಹಿಂದಿನ ದಿನ ಅಕ್ಕ ಬಂದಿದ್ದಳು. ಧೂಳೆಂದು ಕಿಟಕಿ ಮುಚ್ಚಿಸಿ, ತಂಗಿಗೆ ಒತ್ತಿಕೊಂಡು ಕೂತು, ಕೆಮ್ಮುತ್ತಲೇ ಸಂಜೆಯವರೆಗೆ ಹರಟಿದ್ದಳು.

"ಇಲ್ಲ ಡಾಕ್ಟ್ರೇ," ಎಂದ.

ಅಲ್ಲಿಂದ ನೆಟ್ಟಗೆ ಹೋಟೆಲಿಗೆ ಹೋದ. ಎಲ್ಲರೂ ಹೋಟೆಲಮ್ಮ ಎನ್ನುತ್ತಿದ್ದ ಹೆಂಗಸು ಒಣಗಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು. ಅವನನ್ನು ಕಂಡು ಅವಳ ಕೈ ನಿಂತಿತು.

"ಅಮ್ಮಾ, ಊಟದಿಂದ ಬಂದಿದ್ದಲ್ವಂತೆ. ಡಾಕ್ಟ್ರೇ ಹೇಳಿದ್ರು."

ಅವಳು ಒರೆಸುವ ಬಟ್ಟೆ ಕೆಳಗಿಟ್ಟು ಕುರ್ಚಿ ಎಳೆದು ಕೂತಳು. "ಅವತ್ತು ಕೈ ತೊಳ್ಕೊಂಡಿದ್ನೋ ಇಲ್ವೋ ಅಂತ ದಿನಾ ಲೆಕ್ಕ ಹಾಕ್ತಾ ಇದ್ದೆ ಕಣಪ್ಪಾ. ಯಾರ ಹತ್ರ ಹೇಳ್ಕೊಳ್ಲಿ?"

"ನಾನೂ ಅಷ್ಟೇ," ಎಂದ ದರ್ಜಿ. ಸ್ವಲ್ಪ ಹೊತ್ತು ಕೂತಿದ್ದು, ಒಬ್ಬರ ಊಟ ಕಟ್ಟಿಸಿಕೊಂಡು ಹೊರಟ.

ಮನೆಯಲ್ಲಿ ಪೊಟ್ಟಣ ಬಿಚ್ಚುವಾಗ ಅಕ್ಕನ ಫೋನ್ ಬಂತು. ಹೋಟೆಲಮ್ಮನ ಮೇಲಿನ ದೂರು ಸುಳ್ಳು, ಜ್ವರ ಉಸಿರಿನಿಂದ ಹರಡುವುದಂತೆ ಎಂದು ಅವಳಿಗೂ ಹೇಳಿದ. 

"ಉಸಿರಿಂದ ಅಂದ್ರೆ... ಅವತ್ತು ನಂಗೆ ಕೆಮ್ಮಿತ್ತು, ಅಲ್ವಾ?"

ಅವಳನ್ನು ಚುಚ್ಚುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ಎಲ್ಲಿಂದ ಬಂತೋ ಯಾರಿಗೆ ಗೊತ್ತಕ್ಕ. ನೀವು ಬಂದು ಹೋದ್ಮೇಲೆ ಅವಳು ನಗ್ತಾ ಇದ್ಲು, ಅಷ್ಟು ಗೊತ್ತು."

ಅವಳು ಬಿಕ್ಕಿದಳು. ಅಳು ನಿಲ್ಲುವವರೆಗೂ ಅವನು ಫೋನ್ ಇಡಲಿಲ್ಲ. ಆಮೇಲೆ ತಣ್ಣಗಾದ ಊಟವನ್ನು ಒಬ್ಬನೇ ಉಂಡ.

ಎರಡು ವಾರ ಅವಳ ಫೋನ್ ಬರಲಿಲ್ಲ. ಬೈಗುಳವಾದರೂ ಇದ್ದಿದ್ದರೆ ಎನಿಸಿತು. ಮೂರನೇ ವಾರ ಫೋನ್ ಬಂತು.

"ಊಟ ಆಯ್ತಾ?" ಎಂದಷ್ಟೇ ಕೇಳಿದಳು.