ಬೆಳಕಿನ ಹೊಡೆತದ ಲೆಕ್ಕ

ಭಾಲ್ಕಿಯ ದವಾಖಾನೆಯಲ್ಲಿ ಉಜ್ವಲಾಳ ಬಲಗೈಗೆ ಪ್ಲಾಸ್ಟರ್ ಹಾಕುವಾಗ ಅವಳ ಅವ್ವ ಕಾಂತಾಬಾಯಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಮಗಳ ತುಟಿ ಸೀಳಿತ್ತು. ಎಡಗಣ್ಣು ಬಾತು ಮುಚ್ಚಿಹೋಗಿತ್ತು. ಮೆಹಕರದ ದಾರಿಯಲ್ಲಿ, ಹಾಡಹಗಲೇ, ಜೀಪಿನಿಂದ ಇಳಿದವರು ಅವಳನ್ನು ಸ್ಕೂಟಿಯಿಂದ ಎಳೆದು ಕಬ್ಬಿಣದ ಸಲಾಕಿಯಿಂದ ಬಡಿದಿದ್ದರು. ಕೈಯನ್ನೇ ಹುಡುಕಿ ಬಡಿದಿದ್ದರು. ಲ್ಯಾಪ್‌ಟಾಪನ್ನು ಕಲ್ಲಿನ ಮೇಲಿಟ್ಟು ಜಜ್ಜಿದ್ದರು.

"ಯುನಿವರ್ಸಿಟಿಗಿ ಅರ್ಜಿ ಬರೀತೀ? ಈಗ ಬರಿ, ಯಾವ ಕೈಲೇ ಬರೀತೀ ನೋಡ್ತೇವಿ!" ಎಂದು ಬಡಿಯುತ್ತಲೇ ಕೂಗಿದ್ದರು.

ದವಾಖಾನೆಗೆ ಬಂದ ಪೊಲೀಸ್ ಜಮಾದಾರ ಕೇಳಿದ: "ಆಕ್ಸಿಡೆಂಟ್ ಅಂತ ಬರ್ಕೊಳ್ಳೇನವ್ವಾ?"

"ಗಾಡಿ ಸಲಾಕಿ ಹಿಡ್ಕೊಂಡು ಬರ್ತದೇನ್ರಿ?" ಅಂದಳು ಕಾಂತಾಬಾಯಿ.

ಉಜ್ವಲಾ ಬೀದರಿನ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಲೇಸರ್ ಬೆಳಕಿನ ಹೊಡೆತಗಳು ಒಂದರ ಹಿಂದೊಂದು ಬಿದ್ದಾಗ ಅಣು ಕೆರಳಿ ಮೇಲಿನ ಸ್ಥಿತಿಗೆ ಏರುತ್ತದೆ. ರೆಪ್ಪೆ ಬಡಿಯುವುದಕ್ಕೂ ಎಷ್ಟೋ ಮೊದಲೇ ಇಳಿದುಬಿಡುತ್ತದೆ. ಹೇಗೆ ಇಳಿಯುತ್ತದೆ, ಆ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಪ್ರಯೋಗಕ್ಕೆ ಹೋಲಿಸುವುದು ಅವಳ ಕೆಲಸ. ಬಹಳ ಕಾಲ ಲೆಕ್ಕ ಹೊಂದಲೇ ಇಲ್ಲ. ಅಣುವಿನ ಸುತ್ತಲಿನ ದ್ರವ ಆದದ್ದನ್ನೆಲ್ಲ ತಕ್ಷಣ ಮರೆಯುತ್ತದೆ ಎಂದು ಅವಳು ಲೆಕ್ಕಕ್ಕೆ ಹಿಡಿದಿದ್ದಳು. ಇಲ್ಲ, ಕೊಂಚ ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎಂದು ಸಮೀಕರಣ ತಿದ್ದಿದ ದಿನ ಪರದೆಯ ಮೇಲೆ ಲೆಕ್ಕದ ಗೆರೆ, ಪ್ರಯೋಗದ ಗೆರೆ ಎರಡೂ ಒಂದರ ಮೇಲೊಂದು ಕೂತವು. ಉಜ್ವಲಾ ಎದ್ದು ಕುಣಿದಿದ್ದಳು. ಪಕ್ಕದ ಮೇಜಿನ ತಹಮೀನಾ, ಔರಾದದ ಹುಡುಗಿ, ಚಪ್ಪಾಳೆ ತಟ್ಟಿದ್ದಳು.

ಮಾರ್ಗದರ್ಶಕ ಗೋರಖನಾಥ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡ. ಮುಂದೆ ಅದೇ ಕೆಲಸ ಸಂಸ್ಥೆಯ ಅಧ್ಯಕ್ಷನ ಮಗ ಸುಮಿತನ ಪಿಎಚ್.ಡಿ. ಪ್ರಬಂಧವಾಗಿ ಹೊರಬಂತು.

"ಸರ್, ಇದು ನಂದದರಿ."

"ನಿಂದೇನದ? ಲೇಸರ್ ಸಂಸ್ಥಾದ್ದು, ಕಂಪ್ಯೂಟರ್ ಸಂಸ್ಥಾದ್ದು. ನಿಮ್ಮಂಥೋರಿಗಿ ಇಲ್ಲಿ ಕುರ್ಚಿ ಕೊಟ್ಟಿದ್ದೇ ಹೆಚ್ಚಾತು."

ಅದಕ್ಕೇ ಅವಳು ಯುನಿವರ್ಸಿಟಿಗೆ ದೂರಿನ ಅರ್ಜಿ ಕೊಟ್ಟಿದ್ದಳು. ಅದಕ್ಕೇ ಕೈ ಮುರಿದಿತ್ತು.

"ಬ್ಯಾಡ ಬೇಟಾ, ಜೀವ ಉಳದದ. ಮನಿಗಿ ನಡಿ," ಅಂದಳು ಅವ್ವ.

"ನಾಳಿ ಸುಮಿತನ ವೈವಾ ಅದ ಅವ್ವಾ. ನಾ ಹೋಗ್ತೇನಿ."

ಕಾಂತಾಬಾಯಿ ಮಗಳ ಮುಖವನ್ನು ನೋಡಿಯೇ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನೂ ಬರ್ತೇನಿ."

ಮರುದಿನ ಬೀದರಿನ ಕೇಂದ್ರದ ಸಭಾಂಗಣದಲ್ಲಿ, ಮೌಖಿಕ ಪರೀಕ್ಷೆಗೆ, ಸುಮಿತ ಕೋಟು ಹಾಕಿ ಪರದೆಯ ಮುಂದೆ ನಿಂತಿದ್ದ. ಪರದೆಯ ಮೇಲೆ ಅದೇ ಎರಡು ಗೆರೆಗಳು.

"ಆ ಲೆಕ್ಕ ನಂದು!" ಬಾಗಿಲಲ್ಲೇ ಕೂಗಿದಳು ಉಜ್ವಲಾ.

ಗೋರಖನಾಥ ಕಣ್ಸನ್ನೆ ಮಾಡಿದ. ಕಾವಲಿನವನು ಅವಳ ಜಡೆ ಹಿಡಿದು ಜಗ್ಗಿದ. ಪ್ಲಾಸ್ಟರಿನ ಕೈ ಕುರ್ಚಿಗೆ ಬಡಿದು ಅವಳು ಕಿರುಚಿದಳು. ಕಾಂತಾಬಾಯಿ ಅವನ ಮಣಿಕಟ್ಟನ್ನು ಕಚ್ಚಿದಳು, ರಕ್ತ ಬರುವ ಹಾಗೆ. ಅವನು ಮುದುಕಿಯ ಹೊಟ್ಟೆಗೆ ಒದ್ದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ನೆಲ ನೋಡಿದರು.

ಗೋರಖನಾಥ ತಾನೇ ವೇದಿಕೆಯಿಂದ ಇಳಿದು ಬಂದು ಉಜ್ವಲಾಳ ಹರಿದ ತುಟಿಯ ಮೇಲೆ ಬಾರಿಸಿದ. ಆ ಸಪ್ಪಳ ಕೊನೆಯ ಸಾಲಿನವರೆಗೂ ಕೇಳಿತು.

"ಕೈ ತಗೀರಿ ಸರ್!"

ತಹಮೀನಾ ಎದ್ದು ನಿಂತಿದ್ದಳು. "ಹೋದ ವರ್ಷ ನನ್ನ ಕೆಲಸಾನೂ ಹಿಂಗೇ ಕದ್ರಿ. ಅಂಜಿ ಕುಂತಿದ್ದೆ. ಇನ್ನ ಕೂಡಂಗಿಲ್ಲ."

ಅವಳ ಹಿಂದೆ ಅದೇ ಕೇಂದ್ರದ ಇನ್ನೊಬ್ಬ ವಿದ್ಯಾರ್ಥಿ ಬಿಲಾಲ ಎದ್ದ. ಅವನ ಹಿಂದಿನ ಸಾಲೇ ಎದ್ದಿತು. ಹುಡುಗರು ಬಂದು ಉಜ್ವಲಾಳ ಸುತ್ತ ನಿಂತರು. ಕಾವಲಿನವನ ಮುಷ್ಟಿಯಿಂದ ಜಡೆ ಬಿಡಿಸಿದರು.

"ಎಲ್ಲಾರದೂ ಪಿಎಚ್.ಡಿ. ಬಂದ್ ಮಾಡ್ತೇನಿ!" ಗೋರಖನಾಥ ಅರಚಿದ.

"ಮಾಡ್ರಿ," ಅಂದ ಬಿಲಾಲ.

ಸುಮಿತ ಪಕ್ಕದ ಬಾಗಿಲಿನಿಂದ ಜಾರಿಕೊಂಡ. ಉಜ್ವಲಾ ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿದಳು. ಬಾಯಲ್ಲಿ ತುಂಬಿದ ರಕ್ತವನ್ನು ಓಢಣಿಗೆ ಉಗುಳಿ, ಹಲಗೆಯ ಹತ್ತಿರ ಹೋಗಿ ಎಡಗೈಯಲ್ಲಿ ಸೀಮೆಸುಣ್ಣದ ಕಡ್ಡಿ ಹಿಡಿದಳು. ತನ್ನ ಸಮೀಕರಣದ ಮೊದಲ ಅಕ್ಷರ ಸೊಟ್ಟಾಯಿತು. ಅಳಿಸಿ ಮತ್ತೆ ಬರೆದಳು. ಆಮೇಲೆ ಪರೀಕ್ಷಕರ ಕಡೆ ತಿರುಗಿದಳು.

"ತಲಿ ಮ್ಯಾಲೆತ್ರಿ ಸರ್. ನನ್ನ ವೈವಾ ಸುರು ಆಗ್ಯದ."